ಮಿರಗದ ಮಳೆ, ತೊಂಬತ್ತು ದಿನದ ಲೆಕ್ಕ

ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಎಕಂಬಾದಂಥ ಊರಿನಲ್ಲಿ ವರ್ಷ ಶುರುವಾಗುವುದು ಜನವರಿ ಒಂದಕ್ಕಲ್ಲ, ಮಿರಗದ (ಮೃಗಶಿರಾ) ಮಳೆ ಬಿದ್ದ ದಿನ. ಜೂನ್ ಎರಡನೇ ವಾರದಲ್ಲಿ ನೆಲ ಹಸಿಯಾದರೆ ಸೋಯಾ, ಉದ್ದು, ಹೆಸರು, ತೊಗರಿ ಬಿತ್ತನೆ. ಗಣೇಶನ ಹಬ್ಬದ ಆಸುಪಾಸಿಗೆ ಹೆಸರು, ಉದ್ದಿನ ರಾಶಿ. ದಸರೆಯ ಹೊತ್ತಿಗೆ ಸೋಯಾ. ಎಳ್ಳಮಾವಾಸ್ಯೆಗೆ ಹೊಲದಲ್ಲೇ ಭಜ್ಜಿ, ರೊಟ್ಟಿ, ಅಂಬಲಿಯ ಊಟ. ಅದರ ಬೆನ್ನಿಗೇ ತೊಗರಿ ರಾಶಿ. ಅಲ್ಲಿಂದ ಮುಂದಿನ ಮಿರಗದವರೆಗೆ ಹೊಲಕ್ಕೂ ಬಿಡುವು, ಹೊಲದ ಯಜಮಾನನಿಗೂ ಬಿಡುವು. ಮದುವೆ, ಜಾತ್ರೆ, ಮಗಳ ಮನೆ, ಬೀಗರ ಮನೆ ಎಲ್ಲವೂ ಆ ನಾಲ್ಕೈದು ತಿಂಗಳಲ್ಲೇ.

ಮಗಳ ಮನೆ ಭಾಲ್ಕಿಯಲ್ಲೋ ಉದಗೀರಿನಲ್ಲೋ ಇದ್ದ ಕಾಲಕ್ಕೆ ಇಷ್ಟು ಪಂಚಾಂಗ ಸಾಕಿತ್ತು. ಈಗ ಬೀದರಿನಲ್ಲಿ ಇಂಜಿನಿಯರಿಂಗ್ ಓದಿ, ಹೈದರಾಬಾದಿನಲ್ಲಿ ಕೆಲಸ ಹಿಡಿದ ಮಕ್ಕಳು ಅಲ್ಲಿಂದ ಜರ್ಮನಿಗೋ ಅಮೆರಿಕಕ್ಕೋ ದುಬೈಗೋ ಹಾರುತ್ತಾರೆ. ಅಪ್ಪ ಅಮ್ಮ ಒಮ್ಮೆ ಹೋಗಿ ನೋಡಿ ಬಂದರೆ ಮುಗಿಯುವುದಿಲ್ಲ. ಮೊದಲ ಸಲ ಮನೆ ನೋಡಲು, ಎರಡನೇ ಸಲ ಬಾಣಂತನಕ್ಕೆ, ಮೂರನೇ ಸಲ ಮೊಮ್ಮಗುವಿನ ಹುಟ್ಟುಹಬ್ಬಕ್ಕೆ. ಹೀಗೆ ಪದೇ ಪದೇ ಹೋಗುವವರ ಗೋಡೆಗೆ ಇನ್ನೊಂದು ಪಂಚಾಂಗ ಬೇಕು. ಅದರಲ್ಲಿ ಅಮಾವಾಸ್ಯೆ, ಹುಣ್ಣಿಮೆ ಇರುವುದಿಲ್ಲ. ಯಾವ ದೇಶದೊಳಗೆ ಎಷ್ಟು ದಿನ ಇದ್ದೆವು, ಇನ್ನೆಷ್ಟು ದಿನ ಉಳಿದಿದೆ ಎಂಬ ಎಣಿಕೆ ಮಾತ್ರ ಇರುತ್ತದೆ. ಈ ಎಣಿಕೆ ತಪ್ಪಿ ತೊಂದರೆಗೆ ಸಿಕ್ಕುವವರಲ್ಲಿ ಹೆಚ್ಚಿನವರು ಕಾನೂನು ಮುರಿಯಬೇಕೆಂದು ಹೊರಟವರಲ್ಲ. ವೀಸಾದ ಮೇಲಿನ ತಾರೀಖನ್ನು ತಪ್ಪಾಗಿ ಓದಿಕೊಂಡವರು.

ತಪ್ಪು ಓದುವುದಕ್ಕೆ ಕಾರಣವೂ ಇದೆ. ಷೆಂಗೆನ್ ವೀಸಾದ ಚೀಟಿಯನ್ನು ಪಾಸ್‌ಪೋರ್ಟಿನಲ್ಲಿ ಬಿಡಿಸಿ ನೋಡಿದರೆ ಅದರಲ್ಲಿ ಎರಡು ಬೇರೆ ಬೇರೆ ಅವಧಿಗಳಿವೆ. ಮೇಲುಗಡೆ 'ಇಂಥ ದಿನದಿಂದ ಇಂಥ ದಿನದವರೆಗೆ' ಎಂದು ಎರಡು ತಾರೀಖು. ಅದರ ಕೆಳಗೆ ಎಷ್ಟು ಸಲ ಒಳಗೆ ಬರಬಹುದು ಎಂಬುದು: ಒಂದು, ಎರಡು, ಅಥವಾ ಎಷ್ಟು ಸಲವಾದರೂ ಎಂಬರ್ಥದ 'ಮಲ್ಟ್'. ಅದರ ಪಕ್ಕದಲ್ಲೇ ತಂಗುವ ದಿನಗಳ ಸಂಖ್ಯೆ: 30, 45, 90, ಹೀಗೆ. ಮೇಲಿನ ಎರಡು ತಾರೀಖು ಬಾಗಿಲು ತೆರೆದಿರುವ ಕಾಲ. ಕೆಳಗಿನ ಸಂಖ್ಯೆ ಒಳಗೆ ಕೂರಬಹುದಾದ ಕಾಲ. ಒಂದೇ ಸಲದ ಪ್ರವೇಶಕ್ಕೆ ಕೊಡುವ ವೀಸಾದಲ್ಲಿ ವಿಮಾನ ತಡವಾದರೆ, ಹೊರಡುವುದು ನಾಲ್ಕು ದಿನ ಹಿಂದೆ ಮುಂದೆ ಆದರೆ ಇರಲಿ ಎಂದು ಸಾಮಾನ್ಯವಾಗಿ 15 ದಿನದ ಹೆಚ್ಚುವರಿ ಸಮಯ ಸೇರಿಸಿರುತ್ತಾರೆ. ಹಾಗಾಗಿ ತಾರೀಖುಗಳ ನಡುವೆ 45 ದಿನ ಇದ್ದು, ತಂಗುವ ಸಂಖ್ಯೆ 30 ಮಾತ್ರ ಇರಬಹುದು. ಕೊನೆಯ ತಾರೀಖನ್ನಷ್ಟೇ ನೋಡಿ ವಾಪಸು ಟಿಕೆಟ್ ಮಾಡಿಸಿದವರು 15 ದಿನ ಹೆಚ್ಚು ಕೂತಂತಾಯಿತು. ಮೂವತ್ತು ದಿನ ಎಂದು ಅಚ್ಚಾಗಿತ್ತಲ್ಲ ಎಂದು ಅಧಿಕಾರಿ ಕೇಳಿದರೆ ಉತ್ತರವಿರುವುದಿಲ್ಲ.

ಷೆಂಗೆನ್ ಎಂಬುದು ಲಕ್ಸೆಂಬರ್ಗಿನ ಮೊಸೆಲ್ ನದಿಯ ದಂಡೆಯ ಒಂದು ಸಣ್ಣ ಹಳ್ಳಿ. 1985ರ ಜೂನ್ 14ರಂದು ಐದು ದೇಶಗಳವರು ಅಲ್ಲಿ ಸೇರಿ, ತಮ್ಮ ನಡುವಿನ ಗಡಿ ತಪಾಸಣೆಯನ್ನು ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಮಾಡಿದರು. ಈಗ ಆ ಒಪ್ಪಂದದೊಳಗೆ 29 ದೇಶಗಳಿವೆ. ಎಕಂಬಾದವರಿಗೆ ಗಡಿಯಿಲ್ಲದ ಗಡಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಔರಾದ್ ತಾಲೂಕಿಗೆ ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಬೆಳಿಗ್ಗೆ ಕನ್ನಡದಲ್ಲಿ ಚಹಾ ಕುಡಿದು, ದೇಗಲೂರಿನಲ್ಲಿ ಮರಾಠಿಯಲ್ಲಿ ವ್ಯಾಪಾರ ಮಾಡಿ, ಸಂಜೆಗೆ ಮನೆಗೆ ಬರುವವರಿಗೆ ರಾಜ್ಯದ ಗಡಿ ಒಂದು ಫಲಕ ಮಾತ್ರ. ಜರ್ಮನಿಯಿಂದ ಫ್ರಾನ್ಸಿಗೆ, ಫ್ರಾನ್ಸಿನಿಂದ ಇಟಲಿಗೆ ಹೋಗುವುದೂ ಬಹುಮಟ್ಟಿಗೆ ಹಾಗೆಯೇ. ಆದರೆ ಅಷ್ಟೂ ದೇಶಗಳು ದಿನ ಎಣಿಸುವಾಗ ಒಂದೇ ಮನೆ. ಜರ್ಮನಿಯಲ್ಲಿ ಕಳೆದ 60 ದಿನ, ಸ್ವಿಟ್ಜರ್‌ಲೆಂಡಿನಲ್ಲಿ ಕಳೆದ 10 ದಿನ ಕೂಡಿ 70. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ ನಿಜ, ಷೆಂಗೆನ್‌ನಲ್ಲಿ ಇದೆ. ಐರ್ಲೆಂಡ್, ಸೈಪ್ರಸ್ ಒಕ್ಕೂಟದಲ್ಲಿವೆ, ಷೆಂಗೆನ್‌ನಲ್ಲಿ ಇಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ.

ಬ್ರಿಟನ್ನಿನ ಮಾತು ಬೀದರಿನವರಿಗೆ ಬೇರೆಯೇ ಕಾರಣಕ್ಕೆ ಮುಖ್ಯ. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ ಇದೆ. ಕಲಬುರಗಿ ಸೀಮೆಯ ಕಮಲಾಪುರದಿಂದ ಹೋಗಿ ಲಂಡನ್ನಿನ ಲ್ಯಾಂಬೆತ್ ವಿಭಾಗದ ಮೇಯರ್ ಆಗಿದ್ದ ನೀರಜ್ ಪಾಟೀಲರ ಮುತುವರ್ಜಿಯಲ್ಲಿ ನಿಂತ ಆ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಬಸವಕಲ್ಯಾಣದ ಜಿಲ್ಲೆಯಿಂದ ಯುರೋಪಿಗೆ ಹೋದವರು ಅಲ್ಲಿಗೊಮ್ಮೆ ಹೋಗಿ ಕೈಮುಗಿದು ಬರಬೇಕೆನ್ನುವುದು ಸಹಜ. ಜರ್ಮನಿಯ ಮಗಳ ಮನೆಯಿಂದ ಲಂಡನ್ನಿಗೆ ನಾಲ್ಕು ದಿನ ಹೋಗಿ ಬರುವ ಯೋಚನೆ ಇದ್ದರೆ ಎರಡು ವಿಷಯ ಗಮನಿಸಬೇಕು. ಬ್ರಿಟನ್ನಿಗೆ ಬೇರೆ ವೀಸಾ ಬೇಕು. ಇನ್ನೊಂದು, ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಲಂಡನ್ನಿಗೆ ಹೊರಟ ಕ್ಷಣಕ್ಕೆ ಅದು ಮುಗಿಯಿತು. ತಿರುಗಿ ಮಗಳ ಮನೆಗೆ ಬರಲಾಗದು. ಮೂಟೆಗಟ್ಟಲೆ ಸಾಮಾನು, ಹಿಂದಿರುಗುವ ಟಿಕೆಟ್ ಎಲ್ಲವೂ ಜರ್ಮನಿಯಲ್ಲಿ, ಯಜಮಾನರು ಹೀಥ್ರೂದಲ್ಲಿ. ಅರ್ಜಿ ಹಾಕುವಾಗಲೇ ಬಹುಪ್ರವೇಶ ಕೇಳಿ, ಕಾರಣವನ್ನೂ ಬರೆದಿದ್ದರೆ ಈ ಪಾಡು ತಪ್ಪುತ್ತದೆ.

ಇನ್ನು ಮೂಲ ನಿಯಮ. ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ. ಕೇಳಲು ಸರಳ. 'ಯಾವುದೇ' ಎಂಬ ಒಂದು ಪದದಲ್ಲಿ ಇಡೀ ಕಷ್ಟ ಅಡಗಿದೆ. ಜನವರಿಯಿಂದ ಜೂನ್ ಒಂದು ಅರ್ಧ, ಜುಲೈಯಿಂದ ಡಿಸೆಂಬರ್ ಇನ್ನೊಂದು ಅರ್ಧ ಎಂದು ವರ್ಷವನ್ನು ಹೋಳು ಮಾಡುವ ಹಾಗಿಲ್ಲ. ಅಲ್ಲಿರುವ ಪ್ರತಿದಿನವೂ ಹಿಂದಕ್ಕೆ ತಿರುಗಿ, ಆ ದಿನವನ್ನೂ ಸೇರಿಸಿ 180 ದಿನ ಎಣಿಸಬೇಕು. ಅಷ್ಟರೊಳಗೆ ಅಲ್ಲಿ ಕಳೆದ ದಿನಗಳ ಮೊತ್ತ 90 ದಾಟಬಾರದು. ಇಳಿದ ದಿನವೂ ಲೆಕ್ಕಕ್ಕೆ, ಹೊರಟ ದಿನವೂ ಲೆಕ್ಕಕ್ಕೆ.

ತೊಗರಿ ಕಾಳು ಹಿಡಿದು ಕೂತರೆ ಇದು ಹತ್ತು ನಿಮಿಷದ ಕೆಲಸ. ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಬಿಡಿಸಿ ಪಡಸಾಲೆಯಲ್ಲಿ ಸಾಲಾಗಿ ಹಾಸಬೇಕು. ಎಕಂಬಾದ ಒಬ್ಬ ರೈತ ದಂಪತಿ ಎಂದಿಟ್ಟುಕೊಳ್ಳೋಣ. ಫೆಬ್ರವರಿಗೆ 28 ದಿನವಿರುವ ಒಂದು ವರ್ಷ. ತೊಗರಿ ರಾಶಿ ಮುಗಿಸಿ ಜನವರಿ 10ಕ್ಕೆ ಜರ್ಮನಿಯಲ್ಲಿ ಇಳಿದರು, ಯುಗಾದಿಗೆ ಮನೆಯಲ್ಲಿರಬೇಕೆಂದು ಮಾರ್ಚ್ 20ಕ್ಕೆ ಹೊರಟರು. ಒಂದು ದಿನಕ್ಕೆ ಒಂದು ಕಾಳು ಇಡುತ್ತ ಬಂದರೆ ಜನವರಿಯ ಹಾಳೆಯಲ್ಲಿ 22, ಫೆಬ್ರವರಿಯಲ್ಲಿ 28, ಮಾರ್ಚಿನಲ್ಲಿ 20. ಒಟ್ಟು 70 ಕಾಳು. ಕೈಯಲ್ಲಿ ಇನ್ನೂ 20 ಉಳಿದವು.

ಮಗಳಿಗೆ ಜುಲೈಯಲ್ಲಿ ಹೆರಿಗೆ. ಫೋನಿನಲ್ಲಿ ಅವಳು ಹೇಳುತ್ತಾಳೆ: "ಅಪ್ಪಾ, ಜೂನ್ ಹದಿನೈದಕ್ಕ ಟಿಕೆಟ್ ಸಸ್ತಾ ಅವ, ಮಾಡಿಸ್ಲೇನು?" ಜೂನ್ 15ರ ಮೇಲೆ ಬೆರಳಿಟ್ಟು ಹಿಂದಕ್ಕೆ 180 ದಿನ ಎಣಿಸಿದರೆ ಡಿಸೆಂಬರ್ 18ಕ್ಕೆ ಹೋಗಿ ಮುಟ್ಟುತ್ತದೆ. ಎಪ್ಪತ್ತೂ ಕಾಳು ಒಳಗೇ ಇವೆ. ಅಂದರೆ ಇರಲು ಸಿಗುವುದು 20 ದಿನ. ಜುಲೈ 4ಕ್ಕೆ ಹೊರಡಬೇಕು. ಜುಲೈ 5ರಂದು ನಿಂತು ಎಣಿಸಿದರೆ ಹಿಂದಿನ ತುದಿ ಜನವರಿ 7ಕ್ಕೆ ಬಂದಿರುತ್ತದೆ, ಹಳೆಯ ಒಂದು ಕಾಳೂ ಹೊರಬಿದ್ದಿರುವುದಿಲ್ಲ, ಮೊತ್ತ 91. ಹೆರಿಗೆಯ ಹೊತ್ತಿಗೆ ಅಮ್ಮ ವಿಮಾನ ನಿಲ್ದಾಣದಲ್ಲಿ.

ಅದೇ ದಂಪತಿ ನಾಲ್ಕು ದಿನ ತಡೆದು ಜೂನ್ 19ಕ್ಕೆ ಇಳಿಯಲಿ. ಇಪ್ಪತ್ತನೇ ದಿನ ಜುಲೈ 8. ಅಂದು ಹಿಂದಿನ ತುದಿ ಸರಿಯಾಗಿ ಜನವರಿ 10ರ ಮೇಲಿದೆ, ಮೊತ್ತ 90. ಮರುದಿನ ಜುಲೈ 9ಕ್ಕೆ ತುದಿ ಜನವರಿ 11ಕ್ಕೆ ಸರಿಯಿತು, ಜನವರಿ 10ರ ಕಾಳು ಹೊರಬಿತ್ತು, ಇಂದಿನ ಕಾಳು ಒಳಬಂತು. ಮೊತ್ತ ಮತ್ತೆ 90. ಅದರ ಮರುದಿನವೂ ಹಾಗೆಯೇ, ಒಂದು ಹೋಗುತ್ತದೆ, ಒಂದು ಬರುತ್ತದೆ. ಹೀಗೆ ಎಪ್ಪತ್ತು ಹಳೆಯ ಕಾಳುಗಳೂ ಒಂದೊಂದಾಗಿ ಜಾರಿ ಸೆಪ್ಟೆಂಬರ್ 16ರವರೆಗೆ ದಾರಿ ಬಿಡುತ್ತವೆ. ಪೂರ್ತಿ ತೊಂಬತ್ತು ದಿನ. ಜೂನ್ 15ಕ್ಕೆ ಹೋದವರಿಗೆ 20 ದಿನ, ಜೂನ್ 19ಕ್ಕೆ ಹೋದವರಿಗೆ 90 ದಿನ. ಜೂನ್ 18ಕ್ಕೆ ಹೋದರೂ 20 ದಿನವೇ. ಒಂದೇ ಒಂದು ರಾತ್ರಿಯ ವ್ಯತ್ಯಾಸ. ವೀಸಾ ಬಹುಪ್ರವೇಶದ್ದಾಗಿದ್ದು, ಅದರ ಕೊನೆಯ ತಾರೀಖು ಸೆಪ್ಟೆಂಬರ್ 16ರ ಆಚೆಗಿರಬೇಕು, ತಂಗುವ ಸಂಖ್ಯೆ 90 ಇರಬೇಕು ಎಂಬುದು ಇಲ್ಲಿನ ಷರತ್ತು. ಆ ಷರತ್ತು ಇದ್ದರೆ ಈ ಲೆಕ್ಕದಲ್ಲಿ ಔರಾದ್ ಸೀಮೆಯ ರೈತನಿಗೆ ಅನುಕೂಲವೂ ಇದೆ. ಮಿರಗದ ಮಳೆಗೆ ಬಿತ್ತನೆ ಮುಗಿಸಿ ಹೊರಡಬಹುದು, ಹೆಸರು, ಉದ್ದಿನ ರಾಶಿಯನ್ನು ಮನೆಯವರಿಗೆ ಒಪ್ಪಿಸಿದರೆ ಸೋಯಾ ರಾಶಿಯ ಹೊತ್ತಿಗೆ ತಿರುಗಿ ಬರಬಹುದು.

ರಾತ್ರಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹಿಡಿಯಬೇಕಾದ ತಾರೀಖು ಹೈದರಾಬಾದಿನಿಂದ ಹೊರಟದ್ದಲ್ಲ, ಷೆಂಗೆನ್ ಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿದ್ದು. ಅಲ್ಲಿನ ಶಂಶಾಬಾದ್ ವಿಮಾನ ನಿಲ್ದಾಣದಿಂದ ನಸುಕಿನಲ್ಲಿ ಹೊರಡುವ ವಿಮಾನ ಅದೇ ದಿನ ಮಧ್ಯಾಹ್ನವೋ ಸಂಜೆಯೋ ಯುರೋಪಿಗೆ ಮುಟ್ಟಿಸುತ್ತದೆ. ಜೂನ್ 18ರ ನಸುಕಿನ ಟಿಕೆಟನ್ನು 'ಹತ್ತೊಂಬತ್ತಕ್ಕೆ ಮುಟ್ಟುತ್ತೀವಿ' ಎಂದುಕೊಂಡು ಮಾಡಿಸಿದರೆ ಕೆಟ್ಟಿತು.

ಈ ಉರುಳುವ ಲೆಕ್ಕ ಬಂದದ್ದು 2013ರ ಅಕ್ಟೋಬರ್ 18ರಿಂದ. ಅದಕ್ಕೆ ಮುಂಚೆ ಮೊದಲ ಪ್ರವೇಶದ ದಿನದಿಂದ ಆರು ತಿಂಗಳು ಹಿಡಿದು, ಅದರಲ್ಲಿ ಮೂರು ತಿಂಗಳು ಎಂಬ ರೀತಿ ಇತ್ತು. ಆ ಕಾಲದಲ್ಲಿ ಹೋಗಿ ಬಂದ ಹಿರಿಯರು ಈಗಲೂ ಹಳೆಯ ಲೆಕ್ಕವನ್ನೇ ಹೇಳಿಕೊಡುತ್ತಾರೆ. 'ಮೂರು ತಿಂಗಳು ಇರು, ಮೂರು ತಿಂಗಳು ಬಿಡು' ಎಂಬ ಅವರ ಮಾತು ಪೂರ್ತಿ ಸುಳ್ಳಲ್ಲ. 90 ದಿನ ಒಟ್ಟಿಗೆ ಇದ್ದು, 90 ದಿನ ಒಟ್ಟಿಗೆ ಹೊರಗಿದ್ದರೆ ಮತ್ತೆ ಪೂರಾ 90 ಸಿಗುತ್ತದೆ. ಆದರೆ 'ತಿಂಗಳು' ಎಂದು ಹಿಡಿದರೆ ಜುಲೈ, ಆಗಸ್ಟ್ ಎರಡಕ್ಕೂ 31 ದಿನ. ಮೂರು ತಿಂಗಳು ಎಂಬುದು 92 ದಿನವಾಗಿ ಎರಡು ದಿನ ಮೀರುತ್ತದೆ. ತುಂಡು ತುಂಡಾಗಿ ಹೋದವರಿಗಂತೂ ಆ ಸೂತ್ರ ನಡೆಯುವುದೇ ಇಲ್ಲ. ಕಾಳಿನ ಎಣಿಕೆ ಬೇಡವೆಂದರೆ ಯುರೋಪಿಯನ್ ಕಮಿಷನ್ನಿನ ಅಧಿಕೃತ ತಾಣದಲ್ಲಿ ತಾರೀಖು ತುಂಬಿಸಿ ನೋಡುವ ಲೆಕ್ಕಯಂತ್ರವಿದೆ. ಮಕ್ಕಳಿಗೆ ಹೇಳಿ ಅದರಲ್ಲೂ ಒಮ್ಮೆ ತಾಳೆ ನೋಡಿಸುವುದು ಲೇಸು.

ಮೊದಲು ಗಡಿಯಲ್ಲಿ ಠಸ್ಸೆ ಹಾಕುತ್ತಿದ್ದರು. ಅಧಿಕಾರಿ ಪುಟ ತಿರುವಿ ಎಣಿಸಬೇಕಿತ್ತು, ಮಸುಕಾದ ಠಸ್ಸೆ ಕೆಲವೊಮ್ಮೆ ಕಣ್ಣಿಗೆ ಬೀಳುತ್ತಿರಲಿಲ್ಲ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ದೇಶಗಳು ಒಳಬಂದ, ಹೊರಹೋದ ತಾರೀಖನ್ನು ಮುಖದ ಚಿತ್ರದೊಂದಿಗೆ ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆಯನ್ನು ಹಂತಹಂತವಾಗಿ ತಂದಿವೆ. ಒಂದು ದಿನ ಮೀರಿದರೂ ಯಂತ್ರವೇ ಹೇಳುತ್ತದೆ. ದಂಡವೋ, ಕೆಲವು ಕಾಲ ಪ್ರವೇಶ ನಿಷೇಧವೋ ಎಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಮುಂದಿನ ವೀಸಾ ಅರ್ಜಿಯ ಮೇಲೆ ಅದರ ನೆರಳು ಬೀಳುವುದಂತೂ ಖಂಡಿತ. ಅವಧಿ ವಿಸ್ತರಣೆ ಸಿಗುವುದು ಆಸ್ಪತ್ರೆ ಸೇರಿದ್ದು, ವಿಮಾನಗಳೇ ನಿಂತದ್ದು ಇಂಥ ತೀರಾ ಅನಿವಾರ್ಯ ಕಾರಣಗಳಿಗೆ ಮಾತ್ರ.

ಭಾರತೀಯರಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ. 2024ರ ಏಪ್ರಿಲ್ 18ರ ಯುರೋಪಿಯನ್ ಕಮಿಷನ್ ನಿರ್ಧಾರದಂತೆ, ಹಿಂದಿನ ಮೂರು ವರ್ಷಗಳಲ್ಲಿ ಎರಡು ಷೆಂಗೆನ್ ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ ಕೊಡಬಹುದು. ಅದರ ನಂತರ ಸಾಮಾನ್ಯವಾಗಿ ಐದು ವರ್ಷದ್ದು, ಪಾಸ್‌ಪೋರ್ಟಿನಲ್ಲಿ ಅಷ್ಟು ಅವಧಿ ಉಳಿದಿದ್ದರೆ. ಪಾಸ್‌ಪೋರ್ಟ್ ಇನ್ನೆರಡು ವರ್ಷಕ್ಕೆ ಮುಗಿಯುವಂತಿದ್ದರೆ ಐದು ವರ್ಷದ ವೀಸಾ ಬರುವುದಿಲ್ಲ. ಅದಕ್ಕೇ ಅರ್ಜಿಗೆ ಮುಂಚೆ ಪಾಸ್‌ಪೋರ್ಟ್ ನವೀಕರಿಸುವುದು ಜಾಣತನ. ಐದು ವರ್ಷದ ವೀಸಾ ಕೈಯಲ್ಲಿದ್ದರೂ 180ಕ್ಕೆ 90 ಎಂಬ ನಿಯಮ ಒಂದು ದಿನವೂ ಸಡಿಲವಾಗುವುದಿಲ್ಲ. ಅರ್ಜಿ ಕಾಟ ತಪ್ಪಿತು, ಎಣಿಕೆ ತಪ್ಪಲಿಲ್ಲ.

ತೊಂಬತ್ತು ದಿನ ಬಾಣಂತನಕ್ಕೆ ಸಾಲದು. ಹೆರಿಗೆಗೆ ಒಂದು ತಿಂಗಳು ಮುಂಚೆ ಹೋಗಿ, ಆಮೇಲೆ ಮೂರರಿಂದ ಐದು ತಿಂಗಳು ಎಣ್ಣೆ ನೀರು, ಕಾರದ ಪುಡಿ, ಅಂಟಿನುಂಡೆ ಎಂದು ಆರೈಕೆ ಮಾಡುವುದು ನಮ್ಮ ಕಡೆಯ ಕ್ರಮ. ವಿದೇಶದಲ್ಲಿರುವ ಕನ್ನಡ ಕುಟುಂಬಗಳು ಇದಕ್ಕೆ ಕಂಡುಕೊಂಡ ದಾರಿ ಬೀಗರ ಪಾಳಿ. ನಿಯಮ ಒಬ್ಬೊಬ್ಬರಿಗೂ ಬೇರೆ ಬೇರೆ ಅನ್ವಯವಾಗುತ್ತದೆ. ಮಗಳ ತಾಯಿಯ ತೊಂಬತ್ತು ದಿನ ಮುಗಿಯುವ ಹೊತ್ತಿಗೆ ಅಳಿಯನ ತಾಯಿಯ ತೊಂಬತ್ತು ಶುರುವಾಗುತ್ತದೆ. ನಡುವೆ ಎರಡು ದಿನ ಇಬ್ಬರೂ ಜೊತೆಗಿದ್ದು ಮಗುವಿನ ನಿದ್ದೆ, ಹಾಲು, ಔಷಧದ ವೇಳೆ ಒಪ್ಪಿಸಿಕೊಡುತ್ತಾರೆ. ಗಂಡ ಹೆಂಡತಿ ಒಟ್ಟಿಗೇ ಹೋಗಬೇಕೆಂಬ ಹಟವನ್ನೂ ಬಿಡಬಹುದು. ತಾಯಿ ಮೊದಲು ಹೋಗಲಿ, ತಂದೆ ರಾಶಿ ಮುಗಿಸಿ ಹೋಗಲಿ. ಇಬ್ಬರ ದಿನಗಳೂ ಬೇರೆ ಬೇರೆ ಉಳಿಯುತ್ತವೆ. ಊರ ಹೊಲವನ್ನೂ ಪರದೇಶದ ತೊಟ್ಟಿಲನ್ನೂ ಒಟ್ಟಿಗೆ ನೋಡಿಕೊಳ್ಳುವ ಈ ತಾಯಂದಿರ ಶ್ರಮಕ್ಕೆ ಯಾವ ಕಾನೂನಿನ ಪುಸ್ತಕದಲ್ಲೂ ಹೆಸರಿಲ್ಲ.

ಇದೇ ಜಾಗದಲ್ಲಿ ಒಂದು ಮಾತಿನ ತೊಡಕೂ ಇದೆ. ಕನ್ನಡದಲ್ಲಿ 'ಮೊಮ್ಮಗುವನ್ನು ನೋಡಲು ಬಂದಿದ್ದೇವೆ' ಎನ್ನುವುದಕ್ಕೂ 'ನೋಡಿಕೊಳ್ಳಲು ಬಂದಿದ್ದೇವೆ' ಎನ್ನುವುದಕ್ಕೂ ಮನೆಯೊಳಗೆ ದೊಡ್ಡ ಅಂತರವಿಲ್ಲ. ವಲಸೆ ಅಧಿಕಾರಿಯ ಮೇಜಿನ ಎದುರು ಇದೆ. ಮೊದಲನೆಯದು ಭೇಟಿ, ಎರಡನೆಯದು ದಾದಿಯ ಕೆಲಸವೆಂದು ಕೇಳಿಸಬಹುದು. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಅವಕಾಶವಿಲ್ಲ. ಬಂದ ಕಾರಣವನ್ನು ಮುಚ್ಚಿಡಬೇಕೆಂದಲ್ಲ. ಮಗಳ ಹೆರಿಗೆಗೆ ಬಂದಿದ್ದೇವೆ, ಇಷ್ಟು ದಿನ ಇರುತ್ತೇವೆ, ಇಂಥ ದಿನ ವಾಪಸು ಟಿಕೆಟ್ ಇದೆ, ಊರಲ್ಲಿ ಹೊಲ ಮನೆ ಇದೆ ಎಂದು ಇರುವುದನ್ನು ನೇರವಾಗಿ ಹೇಳಿದರೆ ಸಾಕು.

ಅಮೆರಿಕದ ಕ್ರಮ ಬೇರೆ. ಅಲ್ಲಿನ ಬಿ-1, ಬಿ-2 ವೀಸಾ ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷದ್ದು. 'ಹತ್ತು ವರ್ಷದ ವೀಸಾ ಬಂತು' ಎಂದು ಊರಲ್ಲಿ ಪೇಢಾ ಹಂಚುವವರು ಇದ್ದಾರೆ, ಹಂಚಲಿ. ಆದರೆ ಅದು ಹತ್ತು ವರ್ಷ ವಿಮಾನ ನಿಲ್ದಾಣದವರೆಗೆ ಹೋಗಿ ಬಾಗಿಲು ತಟ್ಟಲು ಸಿಕ್ಕ ಪರವಾನಗಿ. ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವವರು ಅಲ್ಲಿ ಇಳಿದಾಗ ಎದುರು ಕೂತ ಅಧಿಕಾರಿ. ಅವರ ತೀರ್ಮಾನ ಐ-94 ಎಂಬ ದಾಖಲೆಯಲ್ಲಿ ಕೂರುತ್ತದೆ. 2013ರಿಂದ ವಿಮಾನದಲ್ಲಿ ಬಂದವರಿಗೆ ಅದರ ಬಿಳಿ ಚೀಟಿ ಕೊಡುವುದಿಲ್ಲ. ಅಧಿಕೃತ ತಾಣದಿಂದ ಇಳಿಸಿಕೊಳ್ಳಬೇಕು. ತಂದೆ ತಾಯಿಯರಿಗೆ ಸಾಮಾನ್ಯವಾಗಿ ಆರು ತಿಂಗಳು. ಜನವರಿ 20ಕ್ಕೆ ಇಳಿದವರಿಗೆ ಜುಲೈ 19 ಎಂದಿದ್ದರೆ ಅದೇ ಅಂತಿಮ. ವೀಸಾ ಮುಂದಿನ ಎಂಟು ವರ್ಷ ಇದ್ದರೂ ಜುಲೈ 19ಕ್ಕೆ ಹೊರಡಬೇಕು. ವೀಸಾ ಮಾರ್ಚಿನಲ್ಲೇ ಮುಗಿದರೂ ಜುಲೈ 19ರವರೆಗೆ ಇರುವುದು ತಪ್ಪಲ್ಲ. ಎರಡನೆಯ ಮಾತನ್ನು ನಂಬದೆ ಗಾಬರಿಯಿಂದ ಬೇಗ ಹೊರಟು ಬಂದವರೂ ಇರಬಹುದು.

ಹೆಚ್ಚು ದಿನ ಬೇಕಾದರೆ ಗಡುವು ಮುಗಿಯುವ ಮುಂಚೆ ಐ-539 ಎಂಬ ಅರ್ಜಿ ಹಾಕಬೇಕು. ನಡುವೆ ನಯಾಗರಾದ ಆಚೆ ದಂಡೆ ನೋಡಲು ಕೆನಡಾಕ್ಕೆ ನಾಲ್ಕು ದಿನ ಹೋಗಿ ಬಂದರೆ ಹೊಸ ಆರು ತಿಂಗಳು ಸಿಗುತ್ತದೆಂಬ ನಂಬಿಕೆ ಹರಡಿದೆ. 30 ದಿನದೊಳಗೆ ಕೆನಡಾ, ಮೆಕ್ಸಿಕೊಗೆ ಹೋಗಿ ಬಂದರೆ ಸಾಮಾನ್ಯವಾಗಿ ಹಳೆಯ ಗಡುವೇ ಮುಂದುವರಿಯುತ್ತದೆ. ಗಡುವು ಮೀರಿದರೆ ಆ ಹತ್ತು ವರ್ಷದ ವೀಸಾ ಅಲ್ಲಿಗೇ ರದ್ದು. 180 ದಿನಕ್ಕಿಂತ ಹೆಚ್ಚು ಮೀರಿ ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಮೀರಿದವರಿಗೆ ಹತ್ತು ವರ್ಷ ಮರಳಿ ಪ್ರವೇಶವಿಲ್ಲ ಎಂದು 1996ರ ಕಾನೂನು ಹೇಳುತ್ತದೆ.

ಒಂದು ಭೇಟಿಗೂ ಇನ್ನೊಂದಕ್ಕೂ ನಡುವೆ ಇಷ್ಟೇ ಅಂತರ ಇರಬೇಕೆಂದು ಅಮೆರಿಕದಲ್ಲಿ ಬರೆದಿಟ್ಟ ನಿಯಮವಿಲ್ಲ. ಅದರಿಂದಲೇ ಅದು ಹೆಚ್ಚು ಕಷ್ಟ. ಆರು ತಿಂಗಳು ಇದ್ದು ಬಂದು, ಎರಡೇ ತಿಂಗಳಿಗೆ ಮತ್ತೆ ಹೋದರೆ 'ನೀವು ಭೇಟಿಗೆ ಬರುತ್ತಿದ್ದೀರೋ, ಇಲ್ಲೇ ವಾಸವಾಗಿದ್ದೀರೋ' ಎಂದು ಅಧಿಕಾರಿ ಕೇಳಬಹುದು, ಕಡಿಮೆ ದಿನ ಬರೆಯಬಹುದು, ವಾಪಸೂ ಕಳಿಸಬಹುದು. ಅಲ್ಲಿ ಇದ್ದುದಕ್ಕಿಂತ ಹೆಚ್ಚು ಕಾಲ ಊರಲ್ಲಿದ್ದು ಹೋಗುವುದು ಅನುಭವಸ್ಥರು ಹಿಡಿದ ದಾರಿ. ಬ್ರಿಟನ್ನಿನಲ್ಲೂ ಒಂದು ಭೇಟಿಗೆ ಆರು ತಿಂಗಳು; ಎರಡು, ಐದು, ಹತ್ತು ವರ್ಷದ ವೀಸಾಗಳೂ ಇವೆ. ಮೇಲಿಂದ ಮೇಲೆ ಬಂದು ಅದನ್ನೇ ಮನೆ ಮಾಡಿಕೊಳ್ಳಬಾರದೆಂದು ಅಲ್ಲಿನ ನಿಯಮಾವಳಿಯಲ್ಲೇ ಬರೆದಿದ್ದಾರೆ. ಆಸ್ಟ್ರೇಲಿಯಾದ ಪ್ರವಾಸಿ ವೀಸಾಗಳ ಮೇಲೆ ಯಾವುದೇ 18 ತಿಂಗಳಲ್ಲಿ 12 ತಿಂಗಳು ಮೀರಬಾರದೆಂಬ 8558 ಎಂಬ ಷರತ್ತು, ಒಳಗಿದ್ದುಕೊಂಡು ಅವಧಿ ಮುಂದುವರಿಸಲು ಬಿಡದ 8503 ಎಂಬ ಷರತ್ತು ಇರುವುದುಂಟು. ಮಂಜೂರಾತಿ ಪತ್ರದಲ್ಲಿ ಈ ಸಂಖ್ಯೆಗಳನ್ನು ಹುಡುಕಬೇಕು.

ತಂದೆ ತಾಯಿಯರ ಕಷ್ಟವನ್ನು ಅರಿತು ನಿಯಮ ಮಾಡಿದ ದೇಶವೆಂದರೆ ಕೆನಡಾ. ಅಲ್ಲಿನ ಪ್ರಜೆಗಳ, ಕಾಯಂ ನಿವಾಸಿಗಳ ತಂದೆ ತಾಯಿ, ಅಜ್ಜ ಅಜ್ಜಿಯರಿಗೆಂದೇ 2011ರ ಡಿಸೆಂಬರಿನಲ್ಲಿ 'ಸೂಪರ್ ವೀಸಾ' ತಂದರು. 2022ರ ಜುಲೈಯಿಂದ ಒಂದೇ ಭೇಟಿಯಲ್ಲಿ ಐದು ವರ್ಷದವರೆಗೆ ಇರಬಹುದು. ಮಗ ಅಥವಾ ಮಗಳಿಗೆ ನಿಗದಿತ ಆದಾಯ ಇರಬೇಕು, ಕನಿಷ್ಠ 1,00,000 ಕೆನಡಾ ಡಾಲರಿನ ಆರೋಗ್ಯ ವಿಮೆ ಬೇಕು. ಯುರೋಪಿನ ದೇಶಗಳು ಇಂಥದ್ದೊಂದು ದಾರಿ ತೆರೆದರೆ ಎಷ್ಟೋ ಮನೆಗಳ ದಿಗಿಲು ಕಡಿಮೆಯಾಗುತ್ತದೆ.

ದಿನ ಎಣಿಸುವ ಪರದೇಶಿಯ ಪಾಡು ಬೀದರಿಗೆ ಹೊಸದಲ್ಲ. ಹದಿನೈದನೇ ಶತಮಾನದಲ್ಲಿ ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಗಂಡುಕುದುರೆ ಹಿಡಿದುಕೊಂಡು ದಖ್ಖನಿಗೆ ಬಂದಿದ್ದ. ಜುನ್ನರಿನಲ್ಲಿ ಅಲ್ಲಿನ ಆಡಳಿತಗಾರ ಅಸದ್ ಖಾನ್ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸು, ಇಲ್ಲವಾದರೆ ಕುದುರೆಯೂ ಇಲ್ಲ, ಮೇಲೆ ಸಾವಿರ ಚಿನ್ನದ ನಾಣ್ಯ ದಂಡ ಎಂದು ನಾಲ್ಕು ದಿನದ ಗಡುವು ಕೊಟ್ಟ. ಖುರಾಸಾನದ ಒಬ್ಬ ಖ್ವಾಜಾ ನಡುವೆ ಬಂದು ಬಿಡಿಸಿದ. ಆಮೇಲೆ ನಿಕಿತಿನ್ ಬಹಮನಿ ರಾಜಧಾನಿ ಬೀದರಿಗೆ ಬಂದು ಕುದುರೆ ಮಾರಿ, ಬಹುಕಾಲ ಇದ್ದು, ಆಳಂದದ ಜಾತ್ರೆಯನ್ನೂ ಕಂಡು ಬರೆದಿಟ್ಟ. ಅವನ ಪುಸ್ತಕಗಳು ದಾರಿಯಲ್ಲೇ ಲೂಟಿಯಾಗಿದ್ದವು. ಹಾಗಾಗಿ ಈಸ್ಟರ್ ಯಾವಾಗ, ಉಪವಾಸ ಯಾವಾಗ ಎಂಬ ಎಣಿಕೆಯೇ ತಪ್ಪಿಹೋಯಿತೆಂದು ಅವನು ಸಂಕಟಪಡುತ್ತಾನೆ. ಅದೇ ಊರಿನ ವಜೀರ ಮಹಮೂದ್ ಗವಾನ್ ಕೂಡ ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದು ನೆಲೆಸಿದವನು; ಅವನ ಮದರಸಾ ಇಂದಿಗೂ ನಿಂತಿದೆ. ಇಷ್ಟು ದಿನ ಇರು, ಇಂಥ ದಿನ ಹೊರಡು ಎಂದು ಯಾರೂ ಅವರ ಕೈಗೆ ಚೀಟಿ ಕೊಟ್ಟಿರಲಿಲ್ಲ. ಆದರೆ ಗಡುವು ಯಾರ ಮರ್ಜಿಯಲ್ಲಿ ಬರುತ್ತದೋ ಎಂಬ ಭಯ ಇತ್ತು. ಬರೆದಿಟ್ಟ 90 ದಿನ ಆ ಲೆಕ್ಕಕ್ಕೆ ಎಷ್ಟೋ ಮೇಲು. ಓದಿಕೊಂಡರೆ ಮುಂಚೆಯೇ ತಿಳಿಯುತ್ತದೆ.

ಬೀದರಿನ ಓಣಿಗಳಿಂದ, ಭಾಲ್ಕಿ, ಹುಮನಾಬಾದಿನಿಂದ ದುಬೈಗೆ, ಸೌದಿಗೆ ದುಡಿಯಲು ಹೋಗುವವರ ಕಥೆಯಲ್ಲಿ ಇದೇ ವಿಷಯ ಹೆಚ್ಚು ನೋವಿನದು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 30, 60 ದಿನದ ಪ್ರವಾಸಿ ವೀಸಾಗಳಿವೆ. ಐದು ವರ್ಷದ ಬಹುಪ್ರವೇಶದ್ದೂ ಇದೆ, ಅದರಲ್ಲಿ ಒಂದು ಭೇಟಿಗೆ 90 ದಿನ, ವಿಸ್ತರಿಸಿದರೂ ವರ್ಷಕ್ಕೆ 180 ಮೀರುವಂತಿಲ್ಲ. ಕೆಲವು ಏಜೆಂಟರು 'ಮೊದಲು ವಿಜಿಟ್ ವೀಸಾದ ಮೇಲೆ ಹೋಗು, ಅಲ್ಲಿ ಕೆಲಸದ ವೀಸಾ ಮಾಡಿಸೋಣ' ಎಂದು ಹುಡುಗರನ್ನು ಕಳಿಸುತ್ತಾರೆ. 1983ರ ವಲಸೆ ಕಾಯ್ದೆಯಂತೆ, ಹತ್ತನೇ ತರಗತಿ ಮುಗಿಸದವರು ಕೊಲ್ಲಿ ದೇಶಗಳೂ ಸೇರಿದಂತೆ ನಿಗದಿತ ದೇಶಗಳಿಗೆ ಕೆಲಸಕ್ಕೆ ಹೋಗುವ ಮುಂಚೆ ಸರ್ಕಾರದ ವಲಸಿಗರ ಸಂರಕ್ಷಣಾ ಅಧಿಕಾರಿಯ ಒಪ್ಪಿಗೆ ಬೇಕು. ಸಂಬಳ, ಕರಾರು ಸರಿಯಿದೆಯೇ ಎಂದು ನೋಡುವ ಆ ಕಾವಲನ್ನು ವಿಜಿಟ್ ವೀಸಾ ತಪ್ಪಿಸಿಬಿಡುತ್ತದೆ. ಅವಧಿ ಮುಗಿದ ಮೇಲೆ ದಿನಕ್ಕೆ 50 ದಿರ್ಹಾಂ ದಂಡ. ನಲವತ್ತು ದಿನಕ್ಕೆ 2,000 ದಿರ್ಹಾಂ. ಕೆಲಸವೂ ಇಲ್ಲ, ಟಿಕೆಟಿಗೆ ದುಡ್ಡೂ ಇಲ್ಲ, ದಂಡ ಕಟ್ಟದೆ ಹೊರಡುವ ಹಾಗೂ ಇಲ್ಲ. 2024ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಆ ದೇಶ ದಂಡ ಮನ್ನಾ ಮಾಡಿ ಜನರನ್ನು ಊರಿಗೆ ಕಳಿಸುವ ಅವಕಾಶ ಕೊಟ್ಟಿತ್ತು. ಮುಂದಿನ ಮನ್ನಾ ಯಾವಾಗಲೋ ಬರುತ್ತದೆಂದು ಕಾಯುತ್ತ ಕೂರುವುದು ಆತ್ಮಹತ್ಯೆಗೆ ಸಮ. ಹುಡುಗನ ಕೈಗೆ ಕೆಲಸದ ವೀಸಾ ಬರದೆ ತಾಯಿಯ ಬಂಗಾರ ಅಡವಿಡಬಾರದು.

ನಮ್ಮ ದೇಶವೂ ಹೊರಗಿನವರ ದಿನ ಎಣಿಸುತ್ತದೆ. ಮುಂಬೈ ದಾಳಿಯ ಡೇವಿಡ್ ಹೆಡ್ಲಿ ಬಹುಪ್ರವೇಶ ವೀಸಾದಲ್ಲಿ ಪದೇ ಪದೇ ಬಂದು ಹೋಗಿದ್ದು ಬಯಲಾದ ಮೇಲೆ, 2009ರ ಕೊನೆಯಲ್ಲಿ ಭಾರತ ಸರ್ಕಾರ ಪ್ರವಾಸಿ ವೀಸಾದ ಎರಡು ಭೇಟಿಗಳ ನಡುವೆ ಎರಡು ತಿಂಗಳ ಅಂತರ ಕಡ್ಡಾಯ ಮಾಡಿತು. 2012ರ ಕೊನೆಗೆ ಕೆಲವು ದೇಶದವರನ್ನು ಬಿಟ್ಟು ಉಳಿದವರಿಗೆ ಅದನ್ನು ತೆಗೆದುಹಾಕಿತು. ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗು ಅಜ್ಜನ ಊರಿಗೆ ಬಂದರೆ ಕಾನೂನಿನ ಕಣ್ಣಿಗೆ ಅದೂ ವಿದೇಶಿಯೇ. ಓಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಮಾಡಿಸಿದರೆ ಆ ಮಗುವಿಗೆ ಎಕಂಬಾದಲ್ಲಿ ದಿನದ ಮಿತಿ ಇರುವುದಿಲ್ಲ. ಇನ್ನು ಮಗ ಭಾರತದ ಪಾಸ್‌ಪೋರ್ಟಿನವನೇ ಆಗಿದ್ದು ರಜೆಯಲ್ಲಿ ಬಂದು ಮನೆಯಿಂದಲೇ ಕೆಲಸ ಮಾಡುತ್ತ ಕೂತರೆ ವೀಸಾದ ಚಿಂತೆ ಇಲ್ಲ, ಆದಾಯ ತೆರಿಗೆಯ ಚಿಂತೆ ಇದೆ. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ 182 ದಿನ ತುಂಬಿದರೆ ಅವನು ತೆರಿಗೆಯ ಲೆಕ್ಕಕ್ಕೆ ಇಲ್ಲಿನ ನಿವಾಸಿ; ಭಾರತದ ಆದಾಯ 15 ಲಕ್ಷ ರೂಪಾಯಿ ದಾಟಿದವರಿಗೆ 120 ದಿನದಿಂದಲೇ ಎಚ್ಚರಿಕೆ ಬೇಕು. ಒಂದೇ ಮನೆಯಲ್ಲಿ ಅಪ್ಪನ ಎಣಿಕೆ ಬೇರೆ, ಮಗನ ಎಣಿಕೆ ಬೇರೆ.

ಊರಿಂದ ಹೊರಡುವ ಮುಂಚೆ ಮಾಡಬಹುದಾದದ್ದು ಹೆಚ್ಚೇನಿಲ್ಲ. ಹಿಂದಿನ ಪ್ರವಾಸಗಳ ಬೋರ್ಡಿಂಗ್ ಪಾಸ್‌ಗಳನ್ನು ಹಳೆಯ ಪಾಸ್‌ಪೋರ್ಟಿನ ಜೊತೆಗೇ ಕಟ್ಟಿಡಬೇಕು; ಗಡಿಯ ಕಂಪ್ಯೂಟರಿನಲ್ಲಿ ತಪ್ಪು ದಾಖಲಾಗಿದ್ದರೆ ತೋರಿಸಲು ಅದೇ ಸಾಕ್ಷಿ. ವಿಮೆ ತಂಗುವ ಅಷ್ಟೂ ದಿನಕ್ಕೆ ಇರಬೇಕು, ಷೆಂಗೆನ್ ದೇಶಗಳಿಗೆ ಕನಿಷ್ಠ 30,000 ಯೂರೋದ್ದು. ವಾಪಸು ಟಿಕೆಟನ್ನು ಕೊನೆಯ ದಿನಕ್ಕೆ ಮಾಡಿಸದೆ ಎರಡು ಮೂರು ದಿನ ಮುಂಚಿನದಕ್ಕೆ ಮಾಡಿಸುವುದು ಒಳ್ಳೆಯದು. ಮುಷ್ಕರ, ಮಂಜು, ಜ್ವರ ಯಾವುದಾದರೂ ಬರಬಹುದು. ಮೇಲೆ ಹೇಳಿದ ದಂಪತಿಗೆ ಸೆಪ್ಟೆಂಬರ್ 16 ಕೊನೆಯ ದಿನವಾದರೂ 13ಕ್ಕೆ ಹೊರಡುವುದು ಸರಿ. ಅಷ್ಟರಲ್ಲಿ ಮೊಮ್ಮಗುವಿಗೆ ಎರಡು ತಿಂಗಳು ತುಂಬಿರುತ್ತದೆ, ಊರಲ್ಲಿ ಸೋಯಾದ ಎಲೆ ಹಳದಿಗೆ ತಿರುಗುತ್ತಿರುತ್ತದೆ, ಮತ್ತು ಅಳಿಯನ ತಾಯಿ ತಮ್ಮ ತೊಂಬತ್ತು ದಿನದ ಮೊದಲ ಕಾಳಿಗೆ ಕೈ ಹಾಕಿರುತ್ತಾರೆ.